ಬುಕ್‌ವರ್ಮ್ ಮೇಲೆ ಟ್ರಿಕ್ಸಿ ಏರಿಸಬಹುದಾ?

ನಿಮ್ಮ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರಿನಲ್ಲಿ ಬುಕ್‌ವರ್ಮ್ (ಡೆಬಿಯನ್ ಆಪರೇಟಿಂಗ್ ಸಿಸ್ಟಮ್ಮಿನ ಹಳೇ ಆವೃತ್ತಿ) ಇದೆ, ಅದನ್ನು ಅಳಿಸದೆ ಅದರ ಮೇಲೇ ಹೊಸ ಆವೃತ್ತಿ ಟ್ರಿಕ್ಸಿ ಏರಿಸಬಹುದಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ.

ಟ್ರಿಕ್ಸಿ, ಅಂದರೆ ಡೆಬಿಯನ್ 13, ಬಂದಿದ್ದು 2025ರ ಆಗಸ್ಟ್‌ನಲ್ಲಿ. ರಾಸ್ಪ್‌ಬೆರಿ ಪೈಗೆ ಅದು ಸಿಕ್ಕಿದ್ದು ಅಕ್ಟೋಬರ್‌ನಲ್ಲಿ. ಅಲ್ಲಿತನಕ ಕಾಯೋಕೆ ನನಗೂ ಆಗಲಿಲ್ಲ. ಶಿರಸಿಯ ಮಳೆಯಲ್ಲಿ ಕೂತು, ಸಾಫ್ಟ್‌ವೇರ್ ಎಲ್ಲಿಂದ ತರಬೇಕು ಅಂತ ಹೇಳುವ ಸೋರ್ಸಸ್ ಫೈಲಿನಲ್ಲಿ ಬುಕ್‌ವರ್ಮ್ ಹೆಸರನ್ನು ಟ್ರಿಕ್ಸಿ ಅಂತ ಬದಲಿಸಿ ಅಪ್‌ಗ್ರೇಡ್ ಶುರು ಮಾಡಿದೆ. ಅರ್ಧಕ್ಕೇ ಕರೆಂಟು ಹೋಯ್ತು! ಮತ್ತೆ ಹಚ್ಚಿದರೆ ಕಪ್ಪು ಪರದೆ, ಮೂಲೆಯಲ್ಲೊಂದು ಗೆರೆ ಮಿಣುಕುತ್ತಿತ್ತು, ಅಷ್ಟೇ.

ಪೈ ಮಾಡುವವರೂ ಹೊಸದಾಗಿ ಇನ್‌ಸ್ಟಾಲ್ ಮಾಡಿ ಅಂತಲೇ ಹೇಳುತ್ತಾರೆ. ಮೊದಲು ನಿಮ್ಮ ಫೈಲುಗಳಿರುವ ಹೋಮ್ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಇನ್ನೊಂದು 32 ಜಿಬಿ ಮೆಮೊರಿ ಕಾರ್ಡು ತಗೊಂಡು ಇಮೇಜರ್‌ನಿಂದ (ಕಾರ್ಡಿಗೆ ಸಿಸ್ಟಮ್ ಬರೆಯುವ ಪ್ರೋಗ್ರಾಮ್) ಟ್ರಿಕ್ಸಿ ಬರೆಯಿರಿ. ಹಳೇ ಕಾರ್ಡು ಸುಮ್ನೆ ಡಬ್ಬಿಯಲ್ಲಿರಲಿ. ಹೊಸದು ಸರಿಹೋಗದಿದ್ದರೆ ಅದನ್ನೇ ವಾಪಸ್ ತುರುಕಿದರಾಯ್ತು.