ಮೂಡಿಗೆರೆ ತಂಗೀ, ‘ಪರವಾಗಿಲ್ಲ’ ಅನ್ನಬೇಡ

ನೀನು ಬರೆದದ್ದನ್ನು ರಾತ್ರಿ ಎರಡು ಸಲ ಓದಿದೆ. ಇಂಗ್ಲೆಂಡಿಗೆ ಬಂದು ನಾಲ್ಕು ತಿಂಗಳು. ಚೊಚ್ಚಲು ಬಸಿರು, ಒಂಬತ್ತನೇ ವಾರ. ದಿನಕ್ಕೆ ಹತ್ತು ಹನ್ನೆರಡು ಸಲ ವಾಂತಿ, ನೀರು ಕುಡಿದರೂ ನಿಲ್ಲುತ್ತಿಲ್ಲ. ಇಲ್ಲಿನ ಡಾಕ್ಟರು ‘ಇದು ಸಹಜ, ಶುಂಠಿ ಬಿಸ್ಕತ್ತು ತಿನ್ನಿ’ ಅಂದರು. ಅತ್ತೆ ಫೋನಿನಲ್ಲಿ ‘ನಾವೆಲ್ಲ ಹೆತ್ತಿಲ್ವಾ’ ಅಂದರು. ‘ಅಕ್ಕ, ಸರಿಯಾಗಿ ನೋಡಿಸಿಕೊಳ್ಳೋದು ಹೇಗೆ, ಇಲ್ಲಾ ಊರಿಗೇ ಹೋಗಿಬಿಡ್ಲಾ?’ ಅಂತ ಕೇಳಿದ್ದೀಯ. ಜೊತೆಗೆ ಬಿಲ್ಲು, ಕೆಲಸ, ಚಳಿಗಾಲದ ಕೋಟು, ಅಕ್ಕಿ ಎಲ್ಲಿ ಸಿಗುತ್ತೆ ಅಂತಲೂ.

ಕೋಟು, ಅಕ್ಕಿ ಆಮೇಲೆ ನೋಡೋಣ. ಬಿಲ್ಲಿನ ಚಿಂತೆ ಬಿಡು. ವೀಸಾ ಮಾಡಿಸುವಾಗ ಇಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಅಂತ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೀರಲ್ಲ, ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೋದರೂ ಆಸ್ಪತ್ರೆಯಲ್ಲಿ ಮಲಗಿದರೂ ದುಡ್ಡು ಕೇಳುವುದಿಲ್ಲ. ಬಸುರಿಯರಿಗೆ ಔಷಧಿಯೂ ಉಚಿತ, ಅದಕ್ಕೊಂದು ಸರ್ಟಿಫಿಕೇಟ್ ಇದೆ, ಬಸಿರು ಹೆರಿಗೆ ನೋಡಿಕೊಳ್ಳುವ ಮಿಡ್‌ವೈಫ್ ಮಾಡಿಸಿಕೊಡುತ್ತಾರೆ. ಕೆಲಸದಲ್ಲಿ ಬಸಿರಿನ ಕಾಯಿಲೆಯ ರಜೆಯನ್ನು ಬೇರೆಯಾಗಿಯೇ ಬರೆದಿಡಬೇಕು, ಅದೇ ನೆಪ ಮಾಡಿ ತೆಗೆಯುವ ಹಾಗಿಲ್ಲ. ಅಷ್ಟು ಸಾಕು.

ಈಗ ನನ್ನ ಕಥೆ. ನಾನು ಸಕಲೇಶಪುರದವಳು. ನಿಮ್ಮ ಮೂಡಿಗೆರೆ ಕಡೆ ಹುಟ್ಟುವ ಹೇಮಾವತಿಯೇ ನಮ್ಮೂರಿನ ಹೊಳೆ, ಹಾಗಾಗಿ ನೀನು ಹೊರಗಿನವಳು ಅಂತ ನನಗೆ ಅನ್ನಿಸಲೇ ಇಲ್ಲ. ಇಲ್ಲಿಗೆ ಬಂದದ್ದು 2012ರ ಫೆಬ್ರವರಿಯಲ್ಲಿ. ಅದೇ ಅಕ್ಟೋಬರ್‌ನಲ್ಲಿ ನನ್ನ ಬಸಿರಿನ ವಾಂತಿ ಶುರುವಾಯಿತು. ಮೊದಲು ಒಗ್ಗರಣೆ ವಾಸನೆ ಆಗಲಿಲ್ಲ. ಆಮೇಲೆ ಸೋಪು. ಆಮೇಲೆ ಫ್ರಿಜ್ ಬಾಗಿಲು ತೆರೆದ ಸದ್ದಿಗೇ ಹೊಟ್ಟೆ ತೊಳೆಸುತ್ತಿತ್ತು. ಕೊನೆಕೊನೆಗೆ ಬರೀ ಹಳದಿ ಪಿತ್ತ. ನಾಲಿಗೆ ಒಣಗಿದ ಅಡಿಕೆ ಸಿಪ್ಪೆ ಥರ ಆಗಿತ್ತು. ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಚೀಪುತ್ತಾ ಬಚ್ಚಲ ನೆಲದ ಮೇಲೇ ಮಲಗುತ್ತಿದ್ದೆ, ಎದ್ದು ಓಡುವ ಶಕ್ತಿ ಇರಲಿಲ್ಲ.

ಜಿಪಿ ಹತ್ತಿರ ಎರಡು ಸಲ ಹೋದೆ. ಎರಡು ಸಲವೂ ಅವರು ‘ಹೇಗಿದ್ದೀರಿ?’ ಅಂದರು, ನಾನು ‘ಫೈನ್, ಥ್ಯಾಂಕ್ಯೂ’ ಅಂದೆ. ತಲೆ ಬಾಚಿ, ಒಳ್ಳೆ ಚೂಡಿದಾರ್ ಹಾಕಿಕೊಂಡು ಹೋಗಿದ್ದೆ. ದೊಡ್ಡವರ ಮುಂದೆ, ಡಾಕ್ಟರ ಮುಂದೆ ಗೋಳು ಹೇಳಿಕೊಳ್ಳಬಾರದು ಅಂತಲ್ವಾ ನಮ್ಮನ್ನು ಬೆಳೆಸಿರೋದು. ನಮ್ಮ ಕಡೆ ಅದು ನಡೆಯುತ್ತೆ, ಯಾಕಂದರೆ ಜೊತೆಗೆ ಅಮ್ಮನೋ ಅತ್ತಿಗೆಯೋ ಬಂದಿರುತ್ತಾರೆ. ‘ಡಾಕ್ಟ್ರೇ, ಇವಳು ಮೂರು ದಿನದಿಂದ ಒಂದು ಗುಟುಕು ನೀರು ಉಳಿಸಿಕೊಂಡಿಲ್ಲ’ ಅಂತ ಅವರೇ ಹೇಳುತ್ತಾರೆ. ಇಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ನೀನು ಬಾಯಲ್ಲಿ ಹೇಳಿದ್ದೇ ಅವರು ಕಂಪ್ಯೂಟರಿಗೆ ಹಾಕಿಕೊಳ್ಳೋದು. ನನ್ನದು ‘ಪರವಾಗಿಲ್ಲ’ ಅಂತ ಹೋಯಿತು. ನವೆಂಬರ್ ಮಧ್ಯದ ಹೊತ್ತಿಗೆ 54 ಕೆಜಿ ಇದ್ದವಳು 48ಕ್ಕೆ ಇಳಿದಿದ್ದೆ, ಬಚ್ಚಲ ಬಾಗಿಲಲ್ಲಿ ಕಣ್ಣು ಕತ್ತಲಾಗಿ ಬಿದ್ದೆ. ಆಗ ಯಜಮಾನರು ಆಂಬುಲೆನ್ಸ್ ಕರೆದರು.

ಅದಕ್ಕೇ ಹೇಳೋದು, ಲೆಕ್ಕದಲ್ಲಿ ಮಾತಾಡು. ಒಂದು ಚೀಟಿಯಲ್ಲಿ ಬರೆದಿಟ್ಟುಕೋ: 24 ಗಂಟೆಯಲ್ಲಿ ಎಷ್ಟು ಸಲ ವಾಂತಿ, ಎಷ್ಟು ಸಲ ಬರೀ ಓಕರಿಕೆ, ಎಷ್ಟು ಗಂಟೆ ಸಂಕಟ. ಅವರ ಹತ್ತಿರ ಇರುವ ಪಿಯುಕ್ಯೂಇ ಅನ್ನೋ ಸ್ಕೋರಿನಲ್ಲೂ ಇವೇ ಮೂರು ಪ್ರಶ್ನೆ. ಹದಿನೈದಕ್ಕೆ 13 ಮುಟ್ಟಿತು ಅಂದರೆ ತೀವ್ರ ಅಂತ ಲೆಕ್ಕ. ಬಸಿರಿಗೆ ಮೊದಲಿನ ತೂಕ, ಈಗಿನ ತೂಕ ಎರಡೂ ಬರೆ. ನೂರಕ್ಕೆ ಐದು ಭಾಗ ಇಳಿದಿದ್ದರೆ ಅದು ಬಯಕೆ ಸಂಕಟ ಅಲ್ಲ, ಕಾಯಿಲೆ. ಹೈಪರ್‌ಎಮೆಸಿಸ್ ಅಂತ ಅದರ ಹೆಸರು, ನೀನೇ ಆ ಹೆಸರು ಹೇಳಿ ಕೇಳು. ‘ಐ ಕಾಂಟ್ ಕೀಪ್ ಎನಿಥಿಂಗ್ ಡೌನ್’ ಅನ್ನು, ಆ ಮಾತು ಅವರಿಗೆ ತಟ್ಟುತ್ತೆ. ಇಂಗ್ಲಿಷ್ ತೊಡರಿದರೆ ಕನ್ನಡದ ಇಂಟರ್‌ಪ್ರಿಟರ್ ಬೇಕು ಅಂತ ಕೇಳು, ಅದಕ್ಕೂ ದುಡ್ಡಿಲ್ಲ. ಬಸಿರಿನ ಮೊದಲ ತಿಂಗಳುಗಳನ್ನು ನೋಡುವ ಅರ್ಲಿ ಪ್ರೆಗ್ನೆನ್ಸಿ ಯೂನಿಟ್‌ಗೆ ಕಳಿಸಿ ಅಂತಲೂ ಕೇಳು. ಎಷ್ಟೋ ಕಡೆ ಬೆಳಿಗ್ಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಸಂಜೆ ಮನೆಗೆ ಬರಬಹುದು.

ಹಾಸನದಲ್ಲಾದರೆ ಯಾವ ನರ್ಸಿಂಗ್ ಹೋಮಿಗೆ ಹೋದರೂ ‘ಒಂದು ಬಾಟ್ಲು ಗ್ಲೂಕೋಸ್ ಏರಿಸಿ’ ಅಂದರೆ ಆಯಿತು ಅಂತ ನಿನಗೆ ಅನ್ನಿಸುತ್ತಿರಬಹುದು. ನನಗೂ ಅನ್ನಿಸಿತ್ತು, ಗ್ಲೂಕೋಸ್ ಕೊಡಿ ಅಂತ ನರ್ಸನ್ನು ಬೇಡಿಕೊಂಡಿದ್ದೆ. ಅವಳು ಮಂಚದ ಅಂಚಿನಲ್ಲಿ ಕೂತು ಬಿಡಿಸಿ ಹೇಳಿದಳು. ವಾರಗಟ್ಟಲೆ ತಿನ್ನದ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಬರಿದಾಗಿರುತ್ತೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಅದಕ್ಕೆ ಉಪ್ಪಿನ ಸಲೈನ್, ಅದರಲ್ಲಿ ಪೊಟ್ಯಾಸಿಯಂ, ಜೊತೆಗೆ ಥಯಾಮಿನ್. ಮೊದಲ ಬಾಟಲಿ ಇಳಿಯುವಾಗ ತೋಳೆಲ್ಲ ತಣ್ಣಗಾಯಿತು. ಎರಡನೆಯದು ಮುಗಿಯುವ ಹೊತ್ತಿಗೆ ಬಾಯಲ್ಲಿ ಜೊಲ್ಲು ಬಂತು. ಎಷ್ಟೋ ದಿನದ ಮೇಲೆ ಬಂದ ಜೊಲ್ಲು, ಅದಕ್ಕೇ ಅತ್ತುಬಿಟ್ಟೆ. ಊರಲ್ಲೇ ಡ್ರಿಪ್ ಹಾಕಿಸಿಕೊಂಡರೂ ಥಯಾಮಿನ್ ಕೊಟ್ಟಿರಾ ಅಂತ ಕೇಳಬೇಕು, ನೆನಪಿಟ್ಟುಕೋ.

ಊರಿಂದ ತಂದ ವಾಂತಿ ಮಾತ್ರೆ ಡಾಕ್ಸಿನೇಟ್ ನುಂಗಲಾ ಅಂತ ಕೇಳಿದ್ದೀಯ. ಇಲ್ಲೂ ಡಾಕ್ಸಿಲಮೈನ್, ಪಿರಿಡಾಕ್ಸಿನ್ ಸೇರಿದ ಅಂಥದ್ದೇ ಮಾತ್ರೆ ಇದೆ, 2018ರಿಂದ ಜೋನ್ವಿಯಾ ಅಂತ ಬರುತ್ತೆ. ಸ್ಟ್ರಿಪ್ಪನ್ನೇ ತೋರಿಸಿ ಕೇಳು, ಆದರೆ ಊರಿನದನ್ನೂ ಇಲ್ಲಿನದನ್ನೂ ಒಟ್ಟಿಗೆ ನುಂಗಬೇಡ. ಅದು ಹಿಡಿಸದಿದ್ದರೆ ಸೈಕ್ಲಿಜಿನ್ ಇದೆ, ಪ್ರೋಕ್ಲೋರ್‌ಪೆರಜಿನ್ ಇದೆ, ಅದಕ್ಕೂ ಬಗ್ಗದಿದ್ದರೆ ಮುಂದಿನವೂ ಇವೆ. ಮಾತ್ರೆಯೇ ವಾಂತಿಯಾದರೆ ಅದನ್ನೂ ಹೇಳು, ನನಗೆ ಕೆನ್ನೆಯೊಳಗೆ ಇಟ್ಟು ಕರಗಿಸುವಂಥದ್ದು ಕೊಟ್ಟಿದ್ದರು. ಶುಂಠಿ ಕಷಾಯ ಬಸಿರಿನ ಸಣ್ಣ ಸಂಕಟಕ್ಕೆ ಸರಿ, ನಿನ್ನ ಸ್ಥಿತಿಗೆ ಅದು ಎಲ್ಲಿಗೂ ಸಾಲದು.

ನಾನು ಮನೆಗೆ ಬಂದು ಎರಡು ವಾರ ಆಗಿತ್ತು, ಡಿಸೆಂಬರ್ ಶುರು. ರಾಜಮನೆತನದ ಸೊಸೆ ಕೇಟ್ ಇದೇ ಕಾಯಿಲೆಗೆ ಲಂಡನ್ನಿನ ಆಸ್ಪತ್ರೆ ಸೇರಿದಳು ಅಂತ ಟೀವಿ ತುಂಬಾ ಸುದ್ದಿ. ಅಲ್ಲಿವರೆಗೆ ನನ್ನನ್ನು ನಾಜೂಕಿನವಳು ಅಂದುಕೊಂಡಿದ್ದ ಪಕ್ಕದ ಮನೆಯಾಕೆ ಬಾಗಿಲು ತಟ್ಟಿ, ‘ನಿನಗಾಗಿದ್ದೂ ಇದೇನಾ?’ ಅಂತ ಕೈ ಹಿಡಿದುಕೊಂಡಳು.

ಈಗ ನನ್ನ ಮನಸ್ಸಿನಲ್ಲಿ ಇವತ್ತಿಗೂ ಕೊರೆಯುವ ಮಾತು. ಆ ಆರು ವಾರ ಪ್ರತಿ ಭಾನುವಾರ ಅಮ್ಮ ಫೋನ್ ಮಾಡುತ್ತಿದ್ದಳು. ‘ಏನು ಊಟ ಮಾಡ್ದೆ ಮಗಾ?’ ಬೇಸಿನ್ನನ್ನು ತೊಡೆ ಮೇಲೆ ಇಟ್ಟುಕೊಂಡು ‘ಅಕ್ಕಿ ರೊಟ್ಟಿ, ಎಣ್ಣೆಗಾಯಿ’ ಅನ್ನುತ್ತಿದ್ದೆ. ಅಷ್ಟು ದೂರದಲ್ಲಿ ಅವಳು ಕೊರಗುವುದು ಬೇಡ ಅಂತ. ಆಸ್ಪತ್ರೆ ಸೇರಿದ್ದನ್ನೂ ಹೇಳಲಿಲ್ಲ. 2014ರ ಮಾರ್ಚ್‌ನಲ್ಲಿ ಒಂಬತ್ತು ತಿಂಗಳ ಮಗನನ್ನು ಎತ್ತಿಕೊಂಡು ಊರಿಗೆ ಹೋದೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿತ್ತು. ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು, ನನ್ನ ಬಸಿರಲ್ಲಿ ಅವಳಿಗೂ ಹೀಗೇ ಆಗಿತ್ತಂತೆ. ಎಸ್ಟೇಟ್ ಜೀಪಿನ ಹಿಂದೆ ಚಾಪೆ ಹಾಸಿ ಮಲಗಿಸಿ, ನಲವತ್ತು ಕಿಲೋಮೀಟರ್ ಹಾಸನಕ್ಕೆ ಸಾಗಿಸಿ, ನಾಲ್ಕು ದಿನ ಬಾಟ್ಲು ಏರಿಸಿದ್ದರಂತೆ. ‘ಒಂದು ಮಾತು ಹೇಳಿದ್ದಿದ್ರೆ ಅವತ್ತೇ ಆಸ್ಪತ್ರೆಗೆ ಹೋಗು ಅಂತಿದ್ನಲ್ಲ’ ಅಂದಳು. ಈಗಲೂ ಮೊಮ್ಮಗನ ಹುಟ್ಟುಹಬ್ಬ ಬಂದರೆ ಆ ಮಾತು ಎತ್ತುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ತಾಯಿಗೆ, ಅಕ್ಕತಂಗಿಯರಿಗೆ ಆಗಿದ್ದರೆ ನಮಗೆ ಆಗುವ ಸಾಧ್ಯತೆ ಜಾಸ್ತಿ. 2023ರ ಕೊನೆಗೆ ಕೇಂಬ್ರಿಡ್ಜ್ ವಿಜ್ಞಾನಿಗಳೂ ಅವರ ಜೊತೆಯವರೂ ಕಾರಣವನ್ನೂ ತೋರಿಸಿಕೊಟ್ಟರು. ಹೊಟ್ಟೆಯ ಕೂಸಿನ ಕಡೆಯಿಂದ ಬರುವ ಜಿಡಿಎಫ್15 ಅನ್ನುವ ಹಾರ್ಮೋನು. ಅದು ಬಸಿರಿಗೆ ಮೊದಲು ಯಾರ ಮೈಯಲ್ಲಿ ಕಡಿಮೆ ಇರುತ್ತೋ ಅವರಿಗೆ ಹೊಡೆತ ಜೋರು. ಮನಸ್ಸಿನ ದೌರ್ಬಲ್ಯ ಅಲ್ಲ, ಸೋಮಾರಿತನ ಅಲ್ಲ. ಅತ್ತೆಗೆ ಇದನ್ನು ನಿನ್ನ ಗಂಡನೇ ಹೇಳಲಿ. ನೀನು ನಿನ್ನ ಅಮ್ಮನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳು, ಅವರಿಗೆ ಹೇಗಾಗಿತ್ತು ಅಂತ ಕೇಳು, ಅದನ್ನೂ ಚೀಟಿಯಲ್ಲಿ ಸೇರಿಸು. ಪ್ರೆಗ್ನೆನ್ಸಿ ಸಿಕ್‌ನೆಸ್ ಸಪೋರ್ಟ್ ಅಂತ ಇಲ್ಲೊಂದು ಸಂಸ್ಥೆ ಇದೆ, ಅನುಭವಿಸಿದ ಹೆಂಗಸರೇ ಮಾತಿಗೆ ಸಿಗುತ್ತಾರೆ.

ಊರಿಗೆ ಹೋಗುವ ವಿಷಯ: ಈ ಸ್ಥಿತಿಯಲ್ಲಿ ವಿಮಾನ ಹತ್ತಬೇಡ ಅಂತ ನನ್ನ ಮಾತು. ಮೊದಲು ನೀರು ನಿಲ್ಲಲಿ. ಬಾಣಂತನಕ್ಕೆ ಬೇಕಾದರೆ ಅಮ್ಮನನ್ನು ಕರೆಸಿಕೋ.

ಇದನ್ನು ಓದುವ ಹೊತ್ತಿಗೆ ನಿನಗೆ ಮೂತ್ರ ಹೋಗಿ ಎಂಟು ಗಂಟೆ ದಾಟಿದ್ದರೆ, ಇಲ್ಲಾ ಒಂದು ದಿನ ಪೂರ್ತಿ ನೀರು ನಿಂತಿಲ್ಲ ಅಂದರೆ, ನನಗೆ ಉತ್ತರ ಬರೆಯುತ್ತ ಕೂರಬೇಡ. ಈಗಲೇ ಇಲ್ಲಿನ ಆರೋಗ್ಯ ಸೇವೆಯ ಸಹಾಯವಾಣಿ 111ಕ್ಕೆ ಫೋನ್ ಮಾಡು. ಮಾತಾಡಲು ಆಗದಿದ್ದರೆ ಯಜಮಾನರ ಕೈಗೆ ಚೀಟಿ ಕೊಡು, ಅವರು ಓದಲಿ.