ರ‍್ಯಾಪ್ ಬ್ಯಾಟಲ್‌ನಲ್ಲಿ ಇಬ್ಬರೂ ಚೆನ್ನಾಗಿ ಬರೆಯುವವರಾದರೆ ಗೆದ್ದವರು ಯಾರು ಅಂತ ತೀರ್ಮಾನಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಇಬ್ಬರು ರ‍್ಯಾಪರ್‌ಗಳು ಎದುರುಬದುರು ನಿಂತು ಪ್ರಾಸದ ಸಾಲುಗಳಲ್ಲಿ ಒಬ್ಬರನ್ನೊಬ್ಬರು ಹಂಗಿಸುವ ಬ್ಯಾಟಲ್‌ಗೆ ಮೊದಲ ಸಲ ಜಡ್ಜ್ ಆಗಿ ಕೂರುತ್ತಿದ್ದೀರಿ, ಇಬ್ಬರೂ ಬರವಣಿಗೆಯಲ್ಲಿ ಗಟ್ಟಿಗರು, ಒಬ್ಬನಿಗೆ ಮಾತ್ರ ಕೂಗುವ ಜನ ಜಾಸ್ತಿ. ಆ ಕೂಗು ನೋಡಿ ಗೆಲುವು ಕೊಡಬಹುದಾ?

ಕೊಡಬೇಡಿ. ಇಂಥ ಬ್ಯಾಟಲ್‌ಗಳಿಗೆ ಆಗಾಗ ಜಡ್ಜ್ ಆಗಿ ಕೂತವನು ನಾನು. ಗೆಳೆಯರ ಗುಂಪು ಕಟ್ಟಿಕೊಂಡು ಬಂದವನಿಗೆ ಮೈಕ್ ಹಿಡಿದ ಕೂಡಲೇ ಶಿಳ್ಳೆ ಬೀಳುತ್ತದೆ, ಇನ್ನೂ ಬಾಯಿಯೇ ಬಿಟ್ಟಿರುವುದಿಲ್ಲ! ಆದರೆ ಎದುರಾಳಿಯ ಕಡೆಯವರೂ ತಡೆಯಲಾಗದೆ 'ಓಹ್' ಅಂದರಲ್ಲ, ಅದನ್ನು ಮಾತ್ರ ಗುರುತು ಹಾಕಿಕೊಳ್ಳಿ.

ನಾನು ಪ್ರತಿ ಬಾರ್‌ಗೂ, ಅಂದರೆ ರ‍್ಯಾಪ್‌ನ ಪ್ರತಿ ಸಾಲಿಗೂ, ಕೇಳಿಕೊಳ್ಳುವ ಪ್ರಶ್ನೆ ಒಂದೇ. ಎದುರಿಗೆ ಬೇರೆ ಯಾರು ನಿಂತಿದ್ದರೂ ಈ ಸಾಲು ನಡೆಯುತ್ತಿತ್ತಾ? ನಡೆಯುತ್ತಿತ್ತು ಅಂದರೆ ಅದಕ್ಕೆ ಅರ್ಧ ಬೆಲೆ. 'ನಾನೇ ರಾಜ, ನಿನ್ನನ್ನು ಮಣ್ಣು ಮಾಡ್ತೀನಿ' ಅನ್ನುವುದನ್ನು ಯಾರಿಗೆ ಬೇಕಾದರೂ ಹೇಳಬಹುದು, ಅಲ್ವಾ? ಉದಾಹರಣೆಗೆ ಒಂದು ಜೋಡಿ ಸಾಲನ್ನು ನಾನೇ ಕಟ್ಟುತ್ತೇನೆ:

ನಿನ್ನ ಸಾಲೆಲ್ಲ ಸಾಲ, ಅದೂ ನಿನಗೆ ಸಾಲದು
ಅಸಲೇ ನಿನ್ನದಲ್ಲ, ಬಡ್ಡಿ ಕಟ್ಟಲಾಗದು

ಪ್ರಾಸ ಕೂತಿದೆ. 'ಅಸಲು' ಎರಡು ಕಡೆಗೂ ಕೆಲಸ ಮಾಡುತ್ತಿದೆ. ಕೇಳಲು ಮಜಾ ಇದೆ. ಆದರೆ ಎದುರಾಳಿ ಎಲ್ಲವನ್ನೂ ಸ್ವಂತವಾಗಿ ಬರೆಯುವವನಾದರೆ ಇದು ಬರೀ ಪದಗಳ ಆಟ. ಅವನು ಹಿಂದಿನ ಬ್ಯಾಟಲ್‌ನಲ್ಲಿ ಬೇರೆಯವರ ಪಂಚ್‌ಲೈನ್ ಎತ್ತಿದ್ದು ಸಭೆಗೆಲ್ಲ ಗೊತ್ತಿದ್ದರೆ ಇದೇ ಸಾಲು ಅವನನ್ನು ಎದ್ದೇಳದ ಹಾಗೆ ಮಾಡುತ್ತದೆ. ಒಂದಕ್ಷರವೂ ಬದಲಾಗದಿದ್ದರೂ ನನ್ನ ಲೆಕ್ಕದಲ್ಲಿ ಮೊದಲನೆಯದಕ್ಕೆ ಒಂದು ಗೀಟು, ಎರಡನೆಯದಕ್ಕೆ ಎರಡು.

ಇದು ನಾನು ಹೊಸದಾಗಿ ಹುಟ್ಟಿಸಿದ ಅಳತೆಯಲ್ಲ. 1981ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ವರ್ಲ್ಡ್ ಕ್ಲಬ್ಬಿನಲ್ಲಿ ಬಿಜಿ ಬೀ ಮತ್ತು ಕೂಲ್ ಮೋ ಡೀ ಅನ್ನುವ ರ‍್ಯಾಪರ್‌ಗಳು ಎದುರಾದರು. ಬಿಜಿ ಬೀ ಜನರನ್ನು ಕುಣಿಸುವುದರಲ್ಲಿ ನಿಸ್ಸೀಮ. ಅವನು ಕೂಗಿದರೆ ಸಭೆ ತಿರುಗಿ ಕೂಗುತ್ತಿತ್ತು. ಮೋ ಡೀ ಬಂದವನೇ ಆ ಕೂಗಿಸುವ ಚಾಳಿಯನ್ನೇ ಅಣಕಿಸಿದ. ನಿನ್ನ ಹೆಸರೇ ಇನ್ನೊಬ್ಬನಿಂದ ಎತ್ತಿದ್ದು ಅಂತ ಹಂಗಿಸಿದ. ಬಿಜಿ ಬೀ ಹತ್ತು ಕಡೆ ಹೇಳಿದ್ದನ್ನೇ ಅಲ್ಲೂ ಹೇಳಿದ್ದ. ಮೋ ಡೀ ಹೇಳಿದ್ದು ಬಿಜಿ ಬೀಗೆ ಬಿಟ್ಟರೆ ಬೇರೆ ಯಾರಿಗೂ ಹೊಂದುತ್ತಿರಲಿಲ್ಲ. ಇವತ್ತಿಗೂ ಬ್ಯಾಟಲ್ ರ‍್ಯಾಪ್‌ನ ಮಾತು ಬಂದರೆ ಆ ರಾತ್ರಿಯ ಹೆಸರು ಬಂದೇ ಬರುತ್ತದೆ.

ಎರಡನೆಯವನಾಗಿ ಬರುವವನಿಗೆ ಸಹಜವಾಗಿ ಒಂದು ಅನುಕೂಲ ಇದೆ: ತಿರುಗೇಟು. ಮೊದಲು ಹೋದವನ ಸಾಲನ್ನೇ ಹಿಡಿದು ಅಲ್ಲೇ ತಿರುಗಿಸಿ ಹೊಡೆಯಬಹುದು. ಒಳ್ಳೆಯ ತಿರುಗೇಟಿಗೆ ನಾನು ಧಾರಾಳವಾಗಿಯೇ ಅಂಕ ಕೊಡುತ್ತೇನೆ, ಯಾಕೆಂದರೆ ಈಗಿನ ಬ್ಯಾಟಲ್‌ಗಳಲ್ಲಿ ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಮನೆಯಲ್ಲಿ ಬರೆದು ಬಾಯಿಪಾಠ ಮಾಡಿದ್ದೇ. ಆದರೆ ಹುಷಾರು, ಕೆಲವರು ತಿರುಗೇಟನ್ನೂ ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. 'ನನ್ನ ಎತ್ತರದ ಬಗ್ಗೆ ಮಾತಾಡಿದೆಯಲ್ಲ' ಅಂತ ಶುರು ಮಾಡುತ್ತಾನೆ, ಎದುರಿನವನು ಎತ್ತರದ ಸುದ್ದಿಯನ್ನೇ ಎತ್ತಿರುವುದಿಲ್ಲ! ನಿಮ್ಮ ಚೀಟಿಯಲ್ಲಿ ಮೊದಲಿನವನ ಮುಖ್ಯ ಸಾಲುಗಳು ಇದ್ದರೆ ತಕ್ಷಣ ಗೊತ್ತಾಗುತ್ತದೆ. ತನ್ನ ಕೊರತೆಯನ್ನು ತಾನೇ ಮೊದಲು ಹೇಳಿ ಎದುರಿನವನ ಕೈ ಕಟ್ಟಿಹಾಕುವವರೂ ಇದ್ದಾರೆ. ಅದಕ್ಕೆ ತಲೆ ಬೇಕು, ಅಂಕ ಕೊಡಿ.

ಮರೆತು ನಿಂತರೆ? ಒಂದೆರಡು ಕ್ಷಣ ತಡವರಿಸಿ ಮುಂದೆ ಹೋದರೆ ನಾನು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪೂರ್ತಿ ನಿಂತುಹೋಗಿ ರೌಂಡ್ ಬಿಟ್ಟರೆ ಆ ರೌಂಡ್ ಹೋಯಿತು, ಬರೆದದ್ದು ಎಷ್ಟೇ ಚೆನ್ನಾಗಿರಲಿ. ಕೊಟ್ಟ ಸಮಯ ಮೀರಿ ಎಳೆದರೆ ಮೀರಿದ ಭಾಗವನ್ನು ನಾನು ಕೇಳಿಸಿಕೊಂಡೇ ಇಲ್ಲ ಅಂತ ಇಟ್ಟುಕೊಳ್ಳುತ್ತೇನೆ.

ಮನೆಯವರ ಬಗ್ಗೆ, ಜಾತಿ, ಮೈಬಣ್ಣದ ಬಗ್ಗೆ ಬರುವ ಮಾತುಗಳ ವಿಷಯ ಆಯೋಜಕರ ನಿಯಮಕ್ಕೆ ಬಿಟ್ಟದ್ದು. ನನ್ನ ಅಭಿಪ್ರಾಯ ಕೇಳಿದರೆ, ಸುಮ್ನೆ ಬೈದರೆ ಅದು ಬೈಗುಳ, ಬಾರ್ ಅಲ್ಲ. ಸೊನ್ನೆ.

ಮೂರು ರೌಂಡ್ ಇದ್ದರೆ ಇನ್ನೊಂದು ತಕರಾರು ಬರುತ್ತದೆ. ಒಬ್ಬ ಎರಡು ರೌಂಡ್ ಕೂದಲೆಳೆಯಲ್ಲಿ ಗೆದ್ದ, ಇನ್ನೊಬ್ಬ ಒಂದು ರೌಂಡಿನಲ್ಲಿ ಅವನನ್ನು ನೆಲ ಕಚ್ಚಿಸಿದ. ಆಗ ಯಾರು? ರೌಂಡ್ ಲೆಕ್ಕವೋ, ಒಟ್ಟಾರೆ ಲೆಕ್ಕವೋ ಅನ್ನುವುದನ್ನು ಮೊದಲ ಮಾತು ಬೀಳುವ ಮುಂಚೆಯೇ ಎಲ್ಲ ಜಡ್ಜ್‌ಗಳೂ ಸೇರಿ ತೀರ್ಮಾನಿಸಿಕೊಳ್ಳಿ. ಆಮೇಲೆ ತೀರ್ಮಾನಿಸಿದರೆ ನಿಮಗೆ ಇಷ್ಟವಾದವನಿಗೆ ಹೊಂದುವ ಲೆಕ್ಕವೇ ಸರಿ ಅನ್ನಿಸುತ್ತದೆ. ಪ್ರತಿ ರೌಂಡ್ ಮುಗಿದ ಕೂಡಲೇ ಹೆಸರು ಬರೆದು ಚೀಟಿ ಮಡಚಿಡಿ. ಪಕ್ಕದ ಜಡ್ಜ್ ಜೊತೆ ಮಾತು ಆಮೇಲೆ.

ಯಾರಿಗೆ ಗೆಲುವು ಕೊಟ್ಟರೆ ಚೆಂದ ಕಾಣುತ್ತದೆ ಅನ್ನುವ ಯೋಚನೆ ಒಳಗೆ ಬಂತೋ, ಕೆಟ್ಟಿತು. 1985ರಲ್ಲಿ ನ್ಯೂಯಾರ್ಕಿನ ನ್ಯೂ ಮ್ಯೂಸಿಕ್ ಸೆಮಿನಾರ್ ಅನ್ನುವ ಸಂಗೀತ ಸಮ್ಮೇಳನದ ಬ್ಯಾಟಲ್‌ನಲ್ಲಿ ರಾಕ್ಸಾನ್ ಶಾಂಟೆ ಅನ್ನುವ ರ‍್ಯಾಪರ್ ಇದೇ ಬಿಜಿ ಬೀ ಎದುರು ಸೋತಳು. ಆಗ ಅವಳಿಗೆ 15 ವರ್ಷ. ಹುಡುಗಿ ಅನ್ನುವ ಕಾರಣಕ್ಕೇ ತನಗೆ ಅಂಕ ಕಡಿಮೆ ಬಿತ್ತು ಅಂತ ಆಕೆ ಮುಂದೆ ಹೇಳಿಕೊಂಡಿದ್ದಾಳೆ. ಹಾಗೆಯೇ ಮುಂದೆ ಯಾರು ದೊಡ್ಡವರಾಗುತ್ತಾರೆ ಅನ್ನುವುದೂ ನಿಮ್ಮ ತಲೆನೋವಲ್ಲ. 1997ರಲ್ಲಿ ಅಮೆರಿಕದ ಸ್ಕ್ರಿಬಲ್ ಜ್ಯಾಮ್ ಅನ್ನುವ ಹಿಪ್-ಹಾಪ್ ಉತ್ಸವದ ಬ್ಯಾಟಲ್‌ನಲ್ಲಿ ರ‍್ಯಾಪರ್ ಎಮಿನೆಮ್ ಸೋತದ್ದು ಎಂಸಿ ಜ್ಯೂಸ್ ಎದುರು. ಎಮಿನೆಮ್ ಆಮೇಲೆ ಲೋಕಪ್ರಸಿದ್ಧನಾದ ಅಂತ ಅವತ್ತಿನ ತೀರ್ಪು ತಪ್ಪಾಗುವುದಿಲ್ಲ.

ತೀರ್ಪು ಹೇಳುವಾಗ ಒಂದಾದರೂ ಸಾಲನ್ನು ಎತ್ತಿ ಹೇಳಿ: ಎರಡನೇ ರೌಂಡಿನ ಈ ಮಾತಿಗೆ ಇವನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೇ ನನ್ನ ವೋಟು ಅವನಿಗೆ ಅಂತ. ಸೋತವನಿಗೂ ಅದು ಉಪಯೋಗ. ಮತ್ತೆ, ಇಬ್ಬರಲ್ಲಿ ಒಬ್ಬ ನಿಮ್ಮ ಆಪ್ತನಾಗಿದ್ದರೆ ಇವತ್ತೇ ಆಯೋಜಕರಿಗೆ ಹೇಳಿ, ಆ ಬ್ಯಾಟಲ್‌ಗೆ ಬೇರೆ ಜಡ್ಜ್ ಹುಡುಕಿಕೊಳ್ಳಲಿ.