ದುಬೈಯಲ್ಲಿ ತಿಂಡಿ ಅಂಗಡಿ ತೆರೆಯುವ ಮುನ್ನ

ಒಂಬತ್ತು ವರ್ಷಗಳಿಂದ ದುಬೈಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ನೀವು, ಕೆಲಸ ಬಿಟ್ಟಾಗ ಬರುವ ಗ್ರಾಚ್ಯುಟಿಯನ್ನೇ ಬಂಡವಾಳವಾಗಿಟ್ಟು ಇಡ್ಲಿ, ನೀರುದೋಸೆ, ಬನ್ಸ್ ಮಾರುವ ಸಣ್ಣ ಅಂಗಡಿ ತೆರೆಯಬಹುದೇ, ಅದಕ್ಕೆ ಪ್ರತ್ಯೇಕ ನಿಯಮಗಳ ವ್ಯಾಪಾರ ವಲಯವಾದ ಫ್ರೀ ಝೋನಿನ ಲೈಸೆನ್ಸ್ ಅಗ್ಗವಲ್ಲವೇ ಎಂದು ಕೇಳಿದ್ದೀರಿ. ಕುಂದಾಪುರದ ಕಡೆಯವನಾದ ನಾನು 2019ರಲ್ಲಿ ದುಬೈಯ ಕರಾಮಾ ಬಡಾವಣೆಯಲ್ಲಿ ಇಂಥದೇ ಒಂದು ಅಂಗಡಿ ಆರಂಭಿಸಿ ಇಂದಿಗೂ ನಡೆಸುತ್ತಿದ್ದೇನೆ. ಖಂಡಿತ ತೆರೆಯಬಹುದು, ಆದರೆ ಲೈಸೆನ್ಸಿನ ಬೆಲೆಗಿಂತ ಮೊದಲು ಬಾಡಿಗೆಯ ಕರಾರಿನ ಬಗ್ಗೆ ಯೋಚಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೈಸೆನ್ಸಿನ ವಿಷಯ ಸರಳ. ಫ್ರೀ ಝೋನಿನ ಕಂಪನಿ ಪ್ರತ್ಯೇಕ ಅನುಮತಿಯಿಲ್ಲದೆ ಝೋನಿನ ಹೊರಗೆ ದುಬೈ ನಗರದಲ್ಲಿರುವ ಗಿರಾಕಿಗೆ ನೇರವಾಗಿ ವ್ಯಾಪಾರ ಮಾಡುವಂತಿಲ್ಲ. ನಿಮ್ಮ ಗಿರಾಕಿ ಕರಾಮಾದಲ್ಲೋ ಬರ್ ದುಬೈಯಲ್ಲೋ ಇರುವಾಗ, ದುಬೈಯ ಆರ್ಥಿಕ ಮತ್ತು ಪ್ರವಾಸೋದ್ಯಮ ಇಲಾಖೆಯಿಂದ ಪಡೆಯುವ, ಫ್ರೀ ಝೋನಿನ ಹೊರಗಿನ ವ್ಯಾಪಾರಕ್ಕೆಂದೇ ಇರುವ ಮೇನ್‌ಲ್ಯಾಂಡ್ ಲೈಸೆನ್ಸೇ ನಿಮಗೆ ಬೇಕಾದದ್ದು. ನಾನು ಆರಂಭಿಸಿದಾಗ ಇಂಥ ಕಂಪನಿಯಲ್ಲಿ ಶೇಕಡಾ 51ರ ಪಾಲು ಸ್ಥಳೀಯ ಪ್ರಜೆಯ ಹೆಸರಿನಲ್ಲಿ ಇರಬೇಕಿತ್ತು. ಅರಬಾಬ್ ಎಂದು ಕರೆಯುವ ಆ ಪಾಲುದಾರನಿಗೆ ವರ್ಷವರ್ಷವೂ ಹಣ ಕೊಡುತ್ತಿದ್ದೆ. 2021ರ ಜೂನ್ 1ರಿಂದ ಹೆಚ್ಚಿನ ವ್ಯವಹಾರಗಳಲ್ಲಿ ವಿದೇಶಿಯರೇ ಪೂರ್ತಿ ಪಾಲು ಹೊಂದಬಹುದಾಗಿದೆ. ಆ ಮಟ್ಟಿಗೆ ನಿಮ್ಮ ದಾರಿ ನನ್ನದಕ್ಕಿಂತ ಹಗುರ.

ಈಗ ಬಾಡಿಗೆ. ಇಲ್ಲಿ ಅಂಗಡಿಯ ಬಾಡಿಗೆಯನ್ನು ತಿಂಗಳು ತಿಂಗಳು ಕಟ್ಟುವ ರೂಢಿ ಇಲ್ಲ. ಇಡೀ ವರ್ಷದ ಮೊತ್ತಕ್ಕೆ ಮುಂದಿನ ತಾರೀಖು ಹಾಕಿದ ಚೆಕ್ಕುಗಳನ್ನು ಕರಾರಿನ ದಿನವೇ ಕೊಡಬೇಕು. ನಾನು ವರ್ಷಕ್ಕೆ 96,000 ದಿರ್ಹಂನಂತೆ ನಾಲ್ಕು ಚೆಕ್ಕು ಬರೆದುಕೊಟ್ಟು, ಕರಾರನ್ನು ಬಾಡಿಗೆ ಕರಾರುಗಳ ಸರ್ಕಾರಿ ನೋಂದಣಿ ವ್ಯವಸ್ಥೆಯಾದ ಎಜಾರಿಯಲ್ಲಿ ನೋಂದಾಯಿಸಿ, ಇನ್ನೇನು ತಿಂಗಳೊಳಗೆ ಒಲೆ ಹೊತ್ತಿಸುತ್ತೇನೆ ಎಂದುಕೊಂಡಿದ್ದೆ. ಆ ಮಳಿಗೆಯಲ್ಲಿ ಮೊದಲು ಇದ್ದದ್ದು ದರ್ಜಿಯ ಅಂಗಡಿ. ಅಡುಗೆಮನೆಯ ನಕ್ಷೆ ಮುನ್ಸಿಪಾಲಿಟಿಯ ಆಹಾರ ಸುರಕ್ಷತಾ ವಿಭಾಗಕ್ಕೆ ಹೋದಾಗ, ಜಿಡ್ಡು ಹಿಡಿಯುವ ಗ್ರೀಸ್ ಟ್ರ್ಯಾಪ್ ಬೇಕು, ಹೊಗೆಯನ್ನು ತಾರಸಿಯವರೆಗೆ ಒಯ್ಯುವ ಕೊಳವೆ ಬೇಕು ಎಂಬ ಷರತ್ತುಗಳು ಬಂದವು. ಕೊಳವೆ ಹಾಯಬೇಕಾದದ್ದು ಮೇಲಿನ ಮನೆಗಳ ಗೋಡೆಯ ಪಕ್ಕದಲ್ಲಿ. ಅದಕ್ಕೆ ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ ಸಿಗುವಷ್ಟರಲ್ಲೇ ಎರಡು ತಿಂಗಳು ಕಳೆಯಿತು. ಕಾಗದಪತ್ರ ಮಾಡಿಸಿಕೊಟ್ಟ ಮಧ್ಯವರ್ತಿ, ಹಣ ಪಡೆದ ಮೇಲೂ, ಈ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ಐದನೆಯ ತಿಂಗಳಿಗೆ ಅಂಗಡಿ ತೆರೆದಾಗ ಒಂದು ದೋಸೆಯೂ ಮಾರಾಟವಾಗುವ ಮೊದಲೇ ಎರಡು ಚೆಕ್ಕು, ಅಂದರೆ 48,000 ದಿರ್ಹಂ, ಹೋಗಿಯಾಗಿತ್ತು. ಆ ದಿನಗಳಲ್ಲಿ ಊರಿಗೆ ಫೋನು ಮಾಡಿದಾಗ ಅಮ್ಮ ಅಂಗಡಿಯ ಸುದ್ದಿ ಕೇಳುವರೆಂದು ಹೆದರಿ, ಮಾತನ್ನು ಮಳೆಯ ಕಡೆಗೆ ತಿರುಗಿಸುತ್ತಿದ್ದೆ.

ಆದ್ದರಿಂದ ಈ ಹಿಂದೆ ಹೋಟೆಲೋ ಕೆಫೆಟೇರಿಯಾವೋ ಇದ್ದ ಮಳಿಗೆಯನ್ನೇ ಹುಡುಕಿ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಅದೇ ಲಾಭ. ಸಹಿ ಹಾಕುವ ಮೊದಲು ನಕ್ಷೆ ಬರೆಯುವವರನ್ನು ಕರೆದೊಯ್ದು ತೋರಿಸಿ, ಒಳಗಿನ ಕೆಲಸ ಮುಗಿಯುವವರೆಗಿನ ತಿಂಗಳುಗಳಿಗೆ ಬಾಡಿಗೆ ವಿನಾಯಿತಿಯನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಚೆಕ್ಕಿನ ವಿಷಯದಲ್ಲಿ ಹಗುರ ಭಾವನೆ ಬೇಡ: 2022ರ ಜನವರಿಯಿಂದ ಹಣವಿಲ್ಲದೆ ಚೆಕ್ಕು ಮರಳಿದರೆ ಸಾಮಾನ್ಯವಾಗಿ ಕ್ರಿಮಿನಲ್ ಮೊಕದ್ದಮೆ ಆಗುವುದಿಲ್ಲ ಎಂಬುದು ನಿಜ, ಆದರೆ ಚೆಕ್ಕು ಹಿಡಿದವರು ನೇರವಾಗಿ ಜಾರಿ ನ್ಯಾಯಾಲಯಕ್ಕೆ ಹೋಗಿ ವಸೂಲಿ ಕೇಳಬಹುದು.

ಗ್ರಾಚ್ಯುಟಿಯ ಲೆಕ್ಕವನ್ನು, ನೀವೇ ಲೆಕ್ಕಿಗರಾದರೂ, ಒಮ್ಮೆ ಬರೆದು ನೋಡುವುದು ಒಳ್ಳೆಯದು. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಸಂಬಳ; ಒಂಬತ್ತು ವರ್ಷಕ್ಕೆ 225 ದಿನ. ಅದು ಮೂಲವೇತನದ ಮೇಲೆ ಮಾತ್ರ. ಮನೆ, ಸಾರಿಗೆ ಭತ್ಯೆ ಇದರಲ್ಲಿ ಸೇರುವುದಿಲ್ಲ. ಮೂಲವೇತನ 5,000 ದಿರ್ಹಂ ಆಗಿದ್ದರೆ ಕೈಗೆ ಬರುವುದು 37,500. ನಾನು ಹೇಳಿದ ಬಾಡಿಗೆಗೆ ಹೋಲಿಸಿದರೆ ಅದು ಐದು ತಿಂಗಳಿಗೂ ಸಾಲದು. ಜೊತೆಗೆ ಹೆಂಡತಿ ಮಕ್ಕಳ ವೀಸಾ ನಿಮ್ಮ ವೀಸಾವನ್ನು ಅವಲಂಬಿಸಿದ್ದರೆ, ಕೆಲಸ ಬಿಟ್ಟು ಪಾಲುದಾರರ ವೀಸಾಕ್ಕೆ ಬದಲಾಗುವ ನಡುವಿನ ವಾರಗಳನ್ನೂ ಮೊದಲೇ ಯೋಜಿಸಬೇಕು. ನೀವೀಗ ಕೆಲಸದಲ್ಲಿರುವ ಕಂಪನಿ ಲಿಖಿತ ಒಪ್ಪಿಗೆ ಕೊಡುವುದಾದರೆ, ಅನುಮತಿಗಳೆಲ್ಲ ಕೈಗೆ ಬರುವವರೆಗೆ ಸಂಬಳ ಬಿಡಬೇಡಿ.

ತೆರಿಗೆಯ ಭಾರ ಸಣ್ಣ ಅಂಗಡಿಗೆ ದೊಡ್ಡದಲ್ಲ. ವಹಿವಾಟು ವರ್ಷಕ್ಕೆ 3,75,000 ದಿರ್ಹಂ ಮೀರಿದರೆ ಶೇಕಡಾ 5ರ ವ್ಯಾಟ್‌ಗೆ ನೋಂದಣಿ ಕಡ್ಡಾಯ; 2023ರ ಜೂನ್‌ನಿಂದ ಬಂದ ಕಾರ್ಪೊರೇಟ್ ತೆರಿಗೆ ಶೇಕಡಾ 9, ಅದೂ 3,75,000ಕ್ಕಿಂತ ಹೆಚ್ಚಿನ ಲಾಭದ ಮೇಲೆ ಮಾತ್ರ. ಆದರೆ ತೆರಿಗೆ ಬೀಳದಿದ್ದರೂ ಈ ಕಾರ್ಪೊರೇಟ್ ತೆರಿಗೆಗೆ ಕಂಪನಿಯ ನೋಂದಣಿ ಮಾಡಿಸಲೇಬೇಕು; ತಡಮಾಡಿದರೆ 10,000 ದಿರ್ಹಂ ದಂಡ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳದಿರಲಾರೆ. ಊರಿನಿಂದ ಅಡುಗೆಯವರನ್ನು ಕರೆಸುವಾಗ ವೀಸಾ ಮತ್ತು ನೇಮಕಾತಿಯ ಖರ್ಚು ಕಾನೂನಿನ ಪ್ರಕಾರ ನಿಮ್ಮದು. ಅದನ್ನು ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ, ಅವರ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವಂತಿಲ್ಲ. ಹಾಗೆ ಮಾಡುವವರು ನಮ್ಮವರಲ್ಲೇ ಇದ್ದಾರೆ ಎಂಬುದು ನನಗೆ ಬಹಳ ನೋವಿನ ಸಂಗತಿ. ಬೈಂದೂರಿನ ಒಬ್ಬ ಹುಡುಗ ನನ್ನಲ್ಲಿಗೆ ಬರುವ ಮೊದಲು, ಬೇರೊಂದು ಕಡೆ ವೀಸಾ ಸಾಲ ತೀರಿಸಲೆಂದೇ ಹದಿನಾಲ್ಕು ತಿಂಗಳು ದುಡಿದಿದ್ದ. ಇಬ್ಬರು ಕೆಲಸದವರ ಆರು ತಿಂಗಳ ಸಂಬಳವನ್ನು ಬಂಡವಾಳದ ಲೆಕ್ಕದಲ್ಲೇ ಪ್ರತ್ಯೇಕವಾಗಿ ತೆಗೆದಿಡಿ.

ತೆರೆಯುವ ಕಾಲಕ್ಕೆ ಸಂಬಂಧಿಸಿ ಹೇಳುವುದಾದರೆ, ಜುಲೈ ಮತ್ತು ಆಗಸ್ಟ್‌ನಲ್ಲಿ ಶಾಲೆಗೆ ರಜೆ, ಸೆಕೆ ವಿಪರೀತ, ನಮ್ಮ ಗಿರಾಕಿ ಕುಟುಂಬಗಳು ಊರಿನಲ್ಲಿರುತ್ತವೆ. ಆ ಎರಡು ತಿಂಗಳು ನನ್ನ ವ್ಯಾಪಾರ ಅರ್ಧಕ್ಕೆ ಇಳಿಯುತ್ತದೆ. ಸೆಪ್ಟೆಂಬರಿನಲ್ಲಿ ತೆರೆಯುವಂತೆ ಹಿಂದಿನಿಂದ ಎಣಿಸುತ್ತಾ ಬಂದರೆ, ಮಳಿಗೆಯ ಹುಡುಕಾಟವನ್ನು ಫೆಬ್ರವರಿಯಲ್ಲೇ ಶುರುಮಾಡಬೇಕು. ಮಳಿಗೆ ಕಣ್ಣಿಗೆ ಬಿದ್ದ ಮೇಲೆ ಅದರ ಅಳತೆ, ಹಿಂದೆ ಅಲ್ಲಿ ಇದ್ದ ವ್ಯಾಪಾರ ಮತ್ತು ಮಾಲೀಕರು ಕೇಳುವ ಚೆಕ್ಕುಗಳ ಸಂಖ್ಯೆಯನ್ನು ಇಲ್ಲಿಯೇ ಬರೆಯಿರಿ. ನೋಡಿ ನನಗೆ ತೋಚಿದ್ದನ್ನು ಹೇಳುತ್ತೇನೆ.